ಹಗುರ ಮಾಡಿಕೊಟ್ಟ ಕ್ಲಚ್ಚು

ಜೋಗೇಶ್ವರಿ ಪೂರ್ವದಲ್ಲಿ ಲಿಂಕ್ ರೋಡಿನಿಂದ ಒಳಕ್ಕೆ ತಿರುಗಿದರೆ ಸಣ್ಣಪುಟ್ಟ ಕಾರ್ಖಾನೆಗಳ ಓಣಿಯೊಂದಿದೆ. ಪ್ಲಾಸ್ಟಿಕ್ ಮುಚ್ಚಳ ಮಾಡುವವರು, ಸ್ಪ್ರಿಂಗು ಸುತ್ತುವವರು, ಡಬ್ಬಿಗೆ ಬಣ್ಣ ಹೊಡೆಯುವವರು. ಆ ಓಣಿಯ ಕೊನೆಗೆ, ತಗಡಿನ ಮಾಡಿನ ಕೆಳಗೆ ಶಾಮಣ್ಣನ ಗ್ಯಾರೇಜು. ಬೋರ್ಡಿಲ್ಲ. ಬೋರ್ಡು ನೋಡಿ ಬರುವಂಥವರು ಅಲ್ಲಿಗೆ ಬರುವುದೂ ಇಲ್ಲ. ಹಳೆಯ ಡೀಸೆಲ್ ಲಾರಿ ಇಟ್ಟುಕೊಂಡು, ಇನ್ನೆರಡು ವರ್ಷ ಓಡಿದರೆ ಸಾಕಪ್ಪಾ ಅನ್ನುವವರು ಒಬ್ಬರಿಂದೊಬ್ಬರು ಕೇಳಿ ತಿಳಿದು ಬರುತ್ತಾರೆ.

ಶಾಮಣ್ಣ ಮದ್ದೂರಿನ ಕಡೆಯವನು. ಐಟಿಐ ಮುಗಿಸಿ ಇಪ್ಪತ್ತನೆಯ ವಯಸ್ಸಿಗೆ ಸೋದರಮಾವನ ಬೆನ್ನು ಹಿಡಿದು ಮುಂಬಯಿಗೆ ಬಂದ. ವಿಕ್ರೋಳಿಯ ಒಂದು ಕಾರ್ಖಾನೆಯಲ್ಲಿ, ಎಂಜಿನ್ನುಗಳನ್ನು ಸಾಲಾಗಿ ಕಟ್ಟಿ ಓಡಿಸಿ ಪರೀಕ್ಷಿಸುವ ವಿಭಾಗದಲ್ಲಿ ಕೆಲಸ ಸಿಕ್ಕಿತು. ಇಪ್ಪತ್ತೆರಡು ವರ್ಷ ಆ ಅಬ್ಬರದಲ್ಲೇ ನಿಂತ. ಕಿವಿ ಮಂದವಾಯಿತು. ಅದನ್ನು ಅವನು ಯಾರಿಗೂ ಹೇಳಿರಲಿಲ್ಲ. ಎಂಜಿನ್ನಿನ ಮೈ ಮೇಲೆ ಅಂಗೈ ಇಟ್ಟರೆ ಅವನಿಗೆ ಬೇಕಾದ್ದೆಲ್ಲ ತಿಳಿಯುತ್ತಿತ್ತು. ಆದರೆ ದಿನಾ ಜೊತೆಗೆ ಕೂತು ಊಟದ ಡಬ್ಬಿ ಬಿಚ್ಚುತ್ತಿದ್ದ ಗೆಳೆಯನೊಬ್ಬ ಸೂಪರ್‌ವೈಸರ್ ಹತ್ತಿರ ಹೋಗಿ, ‘ಶಾಮಣ್ಣನಿಗೆ ಸೈರನ್ ಕೇಳಿಸೋದಿಲ್ಲ, ಏನಾದರೂ ಆದೀತು’ ಅಂದ. ಡಾಕ್ಟರು ಪರೀಕ್ಷೆ ಮಾಡಿ ಬರೆದುಕೊಟ್ಟರು. ಮಾರನೆಯ ವಾರ ಅವನನ್ನು ಸ್ಟೋರಿಗೆ ಹಾಕಿದರು. ಅಲ್ಲಿ ಬೋಲ್ಟು ಎಣಿಸುತ್ತ ಎಂಟು ತಿಂಗಳು ಕೂತ ಶಾಮಣ್ಣ, ಒಂದು ದಿನ ಸ್ವಯಂ ನಿವೃತ್ತಿಗೆ ಬರೆದುಕೊಟ್ಟು ಎದ್ದು ಬಂದ. ಗೆಳೆಯ ಮನೆಗೆ ಬಂದು, ‘ನಿನ್ನ ಒಳ್ಳೇದಕ್ಕೇ ಹೇಳಿದ್ದು ಕಣೋ’ ಅಂದರೂ ಶಾಮಣ್ಣ ಅವನ ಮುಖ ನೋಡಲಿಲ್ಲ. ಆಮೇಲೂ ನೋಡಲಿಲ್ಲ. ಆ ಗೆಳೆಯ ತೀರಿಕೊಂಡಾಗ ಹೆಂಡತಿ ವಿಮಲಾ ಒಬ್ಬಳೇ ಹೋಗಿ ಬಂದಳು.

ಗ್ಯಾರೇಜು ತೆಗೆದ ಮೇಲೆ ಬಂದ ಮೊದಲ ಗಿರಾಕಿ ಚೆನ್ನಯ. ಪವಾಯಿ ಏರಿನಲ್ಲಿ ಬಾಡಿಗೆ ಲಾರಿ ಕೆಟ್ಟು ನಿಂತು, ನಡುಮಧ್ಯಾಹ್ನ ಬೆವರು ಸುರಿಸುತ್ತ ನಡೆದುಕೊಂಡೇ ಬಂದಿದ್ದ. ಅವನು ಪಡುಬಿದ್ರೆ ಕಡೆಯವನು. ಹದಿನೈದಕ್ಕೆ ಹೋಟೆಲಿನಲ್ಲಿ ಲೋಟ ತೊಳೆಯಲು ಬಂದು, ಹೋಟೆಲಿನ ಟೆಂಪೋದಲ್ಲೇ ಡ್ರೈವಿಂಗ್ ಕಲಿತು, ಕೊನೆಗೆ ಆರು ಚಕ್ರದ ಒಂದು ಲಾರಿಯನ್ನು ಸ್ವಂತಕ್ಕೆ ಮಾಡಿಕೊಂಡ. ವಾಶಿ ಮಾರ್ಕೆಟಿನಿಂದ ತೆಂಗಿನಕಾಯಿ, ಕುಚ್ಚಲಕ್ಕಿ, ಈರುಳ್ಳಿ ತುಂಬಿಕೊಂಡು ಮುಲುಂಡಿನಿಂದ ಬೊರಿವಲಿವರೆಗಿನ ಊರಿನವರ ಹೋಟೆಲುಗಳಿಗೆ ಹಾಕುವುದು ಅವನ ಕೆಲಸ. ಗುರುವಾರ ಮಧ್ಯಾಹ್ನ ಲಾರಿ ಖಾಲಿಯಾದ ಮೇಲೆ ಯಾವುದಾದರೊಂದು ಹೋಟೆಲಿನಿಂದ ಬಿಸಿ ಗೋಳಿಬಜೆ ಕಟ್ಟಿಸಿಕೊಂಡು ಶಾಮಣ್ಣನಲ್ಲಿಗೆ ಬರುತ್ತಿದ್ದ. ಹತ್ತೊಂಬತ್ತು ವರ್ಷ ಬಂದ. ಶಾಮಣ್ಣನಿಗೆ ಕಿವಿ ಕೇಳುವುದಿಲ್ಲವೆಂದು ಅವನು ಯಾವತ್ತೂ ಎತ್ತಿ ಆಡಲಿಲ್ಲ. ಎಡಗಡೆ ಕೂರುವ ಬದಲು ಸ್ವಲ್ಪ ಚೆನ್ನಾಗಿದ್ದ ಬಲಕಿವಿಯ ಕಡೆ ಸ್ಟೂಲು ಎಳೆದುಕೊಂಡು ಕೂರುತ್ತಿದ್ದ, ಅಷ್ಟೆ.

ಕಳೆದ ವರ್ಷ ಜುಲೈ ತಿಂಗಳ ಒಂದು ಗುರುವಾರ. ಚೆನ್ನಯ ಲಾರಿಯಿಂದ ಇಳಿದವನೇ ತೊಡೆ ತಿಕ್ಕಿಕೊಂಡ.

“ಶಾಮಣ್ಣ, ಕ್ಲಚ್ಚು ಕಲ್ಲಾಗಿದೆ ಮಾರಾಯ್ರೆ. ವಾಶಿಯಿಂದ ಇಲ್ಲಿಗೆ ಬರುವಷ್ಟರಲ್ಲಿ ಕಾಲು ಸತ್ತುಹೋಗ್ತದೆ. ಎಂಜಿನ್ನಿಗೂ ದಮ್ಮಿಲ್ಲ. ಪವಾಯಿ ಏರಿನಲ್ಲಿ ರಿಕ್ಷಾದವನೂ ನನ್ನನ್ನು ಹಿಂದೆ ಹಾಕ್ತಾನೆ.”

“ಆಯಿಲ್ ಎಷ್ಟು ಕುಡೀತಿದೆ?”

“ಎರಡು ದಿನಕ್ಕೆ ಒಂದು ಲೀಟರ್ ಉಂಟು.”

ಶಾಮಣ್ಣ ಎಂಜಿನ್ ಓಡಿಸಿ ನೋಡಿದ. ಹೊಗೆ ನೀಲಿ. ಆಯಿಲ್ ಮುಚ್ಚಳ ತೆಗೆದರೆ ಒಳಗಿನಿಂದ ಆವಿ ಬುಸುಬುಸು ಹೊರಗೆ ಬರುತ್ತಿತ್ತು. ಗೇಜು ಕಟ್ಟಿ ಒತ್ತಡ ಅಳೆದ. ಆರರಲ್ಲಿ ಎರಡು ಸಿಲಿಂಡರು ಕೈ ಬಿಟ್ಟಿದ್ದವು. ಇದು ಅಲ್ಲಿ ಇಲ್ಲಿ ತೇಪೆ ಹಾಕುವ ಕೆಲಸವಲ್ಲ. ಎಂಜಿನ್ನನ್ನು ಪೂರ್ತಿ ಕೆಳಗಿಳಿಸಬೇಕು.

ಇಬ್ಬರೂ ಕೂತು ಯೋಜನೆ ಹಾಕಿದರು. ಹಳೆಯ ಕ್ಯಾಲೆಂಡರಿನ ಹಿಂಬದಿಗೆ ಶಾಮಣ್ಣ ದುಂಡಕ್ಷರದಲ್ಲಿ ಬರೆದ. ಲೈನರು, ಪಿಸ್ಟನ್ನು, ಬೇರಿಂಗು ಎಲ್ಲ ಹೊಸದು. ಕ್ರ್ಯಾಂಕು ಗ್ರೈಂಡಿಂಗಿಗೆ ಕುರ್ಲಾಕ್ಕೆ. ಹೆಡ್ಡು ಬಿಚ್ಚಿ ವಾಲ್ವು ಕೂರಿಸುವುದು. ಡೀಸೆಲ್ ಪಂಪು ಪರೀಕ್ಷೆಗೆ. ಎಂಜಿನ್ ಇಳಿಸಬೇಕಾದರೆ ಗೇರ್‌ಬಾಕ್ಸು ಹೇಗೂ ಹಿಂದೆ ಸರಿಯಲೇಬೇಕು, ಕ್ಲಚ್ಚು ಕೈಗೆ ಸಿಗುತ್ತದೆ. ಆದ್ದರಿಂದ ಕ್ಲಚ್ ಪ್ಲೇಟು, ಪ್ರೆಶರ್ ಪ್ಲೇಟು, ಬೇರಿಂಗು ಅದೇ ಏಟಿಗೆ. ಒಟ್ಟು ಇಪ್ಪತ್ತೈದು ದಿನ ಲಾರಿ ರಸ್ತೆಗಿಳಿಯುವ ಹಾಗಿಲ್ಲ.

“ಇಪ್ಪತ್ತೈದು ದಿನವಾ?” ಚೆನ್ನಯ ತಲೆಯಾಡಿಸಿದ. “ಈಗ ಆಗುದಿಲ್ಲ. ಅಷ್ಟಮಿ, ಚೌತಿ, ನವರಾತ್ರಿ, ದೀಪಾವಳಿ. ಹೋಟೆಲಿನವರು ನನ್ನನ್ನು ಬಿಟ್ಟು ಬೇರೆಯವರನ್ನು ಹಿಡಿದರೆ ಮತ್ತೆ ಕರೆಯುವುದಿಲ್ಲ. ಕಳೆದ ಸಲವೇ ಒಬ್ಬರು ಕೇಳಿದ್ರು, ವಯಸ್ಸಾಯ್ತಲ್ಲ ಚೆನ್ನಯ, ಇನ್ನು ಎಷ್ಟು ದಿವಸ ಅಂತ. ದೀಪಾವಳಿ ಆದ ಮರುವಾರ ಬಿಡ್ತೇನೆ. ಅಲ್ಲಿವರೆಗೆ ಕ್ಲಚ್ಚಿಗೆ ಏನಾದರೂ ಮಾಡಿ.”

ಶಾಮಣ್ಣ ಸೀಟಿಗೆ ಹತ್ತಿ ಕ್ಲಚ್ಚು ಒತ್ತಿದ. ಒಮ್ಮೆ, ಇನ್ನೊಮ್ಮೆ, ಹೀಗೆ ಆರು ಸಲ. ಹದಿನಾಲ್ಕು ವರ್ಷದ ಲಾರಿಯ ಕ್ಲಚ್ಚು ಎಷ್ಟು ಬಿಗಿಯಾಗಿರಬೇಕೋ ಅಷ್ಟೇ ಬಿಗಿಯಿತ್ತು. ಒಂದು ಕೂದಲೆಳೆಯಷ್ಟೂ ಹೆಚ್ಚಿರಲಿಲ್ಲ.

ಅವನು ತಲೆಯೆತ್ತಿ ನೋಡಿದ. ಕೆಳಗೆ ಚೆನ್ನಯ, ಡಾಕ್ಟರ ಮುಂದೆ ನಿಂತವರ ಹಾಗೆ, ಅವನ ಮುಖವನ್ನೇ ನೋಡುತ್ತ ನಿಂತಿದ್ದ. ‘ಕ್ಲಚ್ಚು ಸರಿಯಾಗಿದೆ ಕಣಯ್ಯಾ, ನಿನ್ನ ಕಾಲು ನೋಡಿಸು’ ಎಂಬ ಮಾತು ಶಾಮಣ್ಣನ ಬಾಯಿಗೆ ಬಂದಿತ್ತು. ಆದರೆ ಹೇಗೆ ಹೇಳುವುದು? ಐವತ್ತೆಂಟಾಯಿತು, ನಿನ್ನ ಕಾಲು ಸೋಲುತ್ತಿದೆ ಎಂದು ಸ್ಟಿಯರಿಂಗ್ ಹಿಡಿದು ಬದುಕುವವನಿಗೆ ಹೇಳುವುದೆಂದರೆ ಅವನನ್ನು ಸ್ಟೋರಿಗೆ ಹಾಕಿದ ಹಾಗೆ. ಅಂಥ ಮಾತು ಆಡಿದ ಗೆಳೆಯನನ್ನು ಅವನು ಸಾಯುವ ತನಕ ತಾನೇ ಕ್ಷಮಿಸಿರಲಿಲ್ಲ. ಅಲ್ಲದೆ ಬಿಸಿಯೇರಿದಾಗ ಬಿಗಿಯಾಗುವ ಕ್ಲಚ್ಚುಗಳೂ ಇರುತ್ತವೆ. ಒಳಗೆ ಬಿಚ್ಚದೆ ಯಾರು ಹೇಳಬಲ್ಲರು? ಹೀಗೆಲ್ಲ ಯೋಚಿಸಿ ಶಾಮಣ್ಣ ಕೆಳಗಿಳಿದ.

“ಹೌದು, ಸ್ವಲ್ಪ ಬಿಗಿ ಇದೆ,” ಅಂದ. “ಹಗುರ ಮಾಡಿಕೊಡ್ತೀನಿ.”

ಮಾತಿನಂತೆ ಮಾಡಿಕೊಟ್ಟ. ಗುಜರಿಗೆ ಹೋದ ಬಸ್ಸೊಂದರಿಂದ ಬೂಸ್ಟರು ತಂದ. ಬ್ರೇಕಿನ ಗಾಳಿಯಿಂದಲೇ ಕ್ಲಚ್ಚಿಗೂ ಬಲ ಕೊಡುವ ಸಣ್ಣ ಸಿಲಿಂಡರು ಅದು. ರಬ್ಬರು ಬದಲಿಸಿ, ಪೈಪು ಎಳೆದು, ಎರಡು ದಿನ ಲಾರಿಯ ಕೆಳಗೆ ಮಲಗಿ ಕೂರಿಸಿದ. ಚೆನ್ನಯ ಒತ್ತಿ ನೋಡಿ ಮಗುವಿನಂತೆ ನಕ್ಕ. “ನನ್ನ ಹೆಂಡತಿಯ ಹೊಲಿಗೆ ಮಿಷನ್ನಿನ ಹಾಗೆ ಆಯ್ತಲ್ಲ ಮಾರಾಯ್ರೆ!” ಆ ವಾರ ಗೋಳಿಬಜೆಯ ಜೊತೆಗೆ ಕಾಶಿಹಲ್ವವೂ ಬಂತು.

ಸೆಪ್ಟೆಂಬರಿನಲ್ಲಿ ಮತ್ತೆ ಭಾರ ಅಂದ. ಶಾಮಣ್ಣ ಪೆಡಲಿನ ಲಿಂಕು ಸರಳನ್ನು ಉದ್ದ ಮಾಡಿ ಇನ್ನಷ್ಟು ಹಗುರ ಮಾಡಿದ. ಅಕ್ಟೋಬರಿನಲ್ಲಿ, ಪೆಡಲಿನ ಮೇಲಿಂದ ಕಾಲು ಜಾರುತ್ತದೆ, ರಬ್ಬರು ಸವೆದಿರಬೇಕು ಅಂದ. ರಬ್ಬರು ಸವೆದಿರಲಿಲ್ಲ. ಶಾಮಣ್ಣ ಏನೂ ಹೇಳದೆ ಪೆಡಲಿನ ಅಂಚಿಗೆ ಒಂದು ಪಟ್ಟಿ ಬೆಸೆದ, ಕಾಲು ಜಾರದ ಹಾಗೆ. ಅದೇ ದಿನ ಚೆನ್ನಯ ಗೇಟಿನ ಕಡೆ ನಡೆದು ಹೋಗುವಾಗ ಎಡಗಾಲಿನ ಚಪ್ಪಲಿ ಹಿಂದೆಯೇ ಉಳಿಯಿತು. ನಾಲ್ಕು ಹೆಜ್ಜೆ ಹೋದ ಮೇಲೆ ಅವನಿಗೆ ಗೊತ್ತಾಯಿತು. “ನೋಡಿ, ಚಪ್ಪಲಿಗೂ ನಾನು ಬೇಡ,” ಎಂದು ನಗುತ್ತ ವಾಪಸು ಬಂದು ಹಾಕಿಕೊಂಡ. ಶಾಮಣ್ಣನೂ ನಕ್ಕ. ಮನೆಗೆ ಹೋಗಿ ಊಟಕ್ಕೆ ಕೂತವನು ಅರ್ಧಕ್ಕೇ ಎದ್ದ. ವಿಮಲಾ ಕೇಳಿದ್ದಕ್ಕೆ, “ದೀಪಾವಳಿ ಆಗಲಿ, ಬಿಚ್ಚಿದ ಮೇಲೆ ಗೊತ್ತಾಗುತ್ತೆ” ಎಂದಷ್ಟೇ ಹೇಳಿದ. ಅವಳಿಗೆ ಏನೂ ಅರ್ಥವಾಗಲಿಲ್ಲ.

ದೀಪಾವಳಿ ಮುಗಿದ ಮರುವಾರ ಹೇಳಿದ ಮಾತಿನಂತೆ ಲಾರಿ ಬಂತು. ಗೇರ್‌ಬಾಕ್ಸು ಹಿಂದೆ ಸರಿಯಿತು. ಚೆನ್ನಯ ಸ್ಟೂಲು ಎಳೆದುಕೊಂಡು, ಚಹಾ ಹಿಡಿದು, ಪಕ್ಕದಲ್ಲೇ ಕೂತಿದ್ದ. ತನ್ನ ಕಾಲನ್ನು ನಾಲ್ಕು ತಿಂಗಳು ಗೋಳು ಹೊಯ್ದುಕೊಂಡ ಪ್ಲೇಟನ್ನು ಕಣ್ಣಾರೆ ನೋಡಬೇಕು ಎಂಬ ಆಸೆ ಅವನಿಗೆ. ಶಾಮಣ್ಣ ಬೋಲ್ಟುಗಳನ್ನು ಒಂದೊಂದಾಗಿ ಬಿಚ್ಚಿ ಪ್ಲೇಟನ್ನು ಹೊರಗೆ ತೆಗೆದ. ಬಟ್ಟೆಯಿಂದ ಒರೆಸಿದ. ಮತ್ತೆ ಒರೆಸಿದ.

“ತೋರಿಸಿ, ಎಷ್ಟು ಹೋಗಿದೆ?”

ಶಾಮಣ್ಣ ಕೊಡಲಿಲ್ಲ. ಚೆನ್ನಯನೇ ಕೈ ಚಾಚಿ ತೆಗೆದುಕೊಂಡ. ಮೂವತ್ತೈದು ವರ್ಷ ಲಾರಿ ಓಡಿಸಿದವನಿಗೆ ಪ್ಲೇಟು ಓದಲು ಬರುವುದಿಲ್ಲವೇ? ರಿವೆಟ್ಟುಗಳ ಮೇಲೆ ಇನ್ನೂ ದಪ್ಪ ಲೈನಿಂಗು. ಎಲ್ಲೂ ಸುಟ್ಟ ಕಲೆಯಿಲ್ಲ. ನೆಲದ ಮೇಲಿದ್ದ ಬೇರಿಂಗನ್ನೂ ಎತ್ತಿ ಬೆರಳಿನಲ್ಲಿ ತಿರುಗಿಸಿದ. ಅದು ನುಣ್ಣಗೆ ತಿರುಗಿತು.

“ಇದು ಸರಿಯೇ ಉಂಟಲ್ಲ?”

“ಹೂಂ.”

“ಮತ್ತೆ ಭಾರ ಎಂತಕ್ಕೆ?”

ಶಾಮಣ್ಣ ಕೇಳಿಸದವನಂತೆ ಸ್ಪ್ಯಾನರು ಹುಡುಕಿದ. ಆದರೆ ಚೆನ್ನಯ ಬಲಕಿವಿಯ ಕಡೆಯೇ ಕೂತಿದ್ದ. ಕೊನೆಗೆ ಶಾಮಣ್ಣ ಅವನ ಮುಂದೆ ನೆಲದ ಮೇಲೆ ಕುಕ್ಕರುಗಾಲಿನಲ್ಲಿ ಕೂತು ಹೇಳಿದ:

“ಕಾಲು ಕೊಡಯ್ಯಾ.”

ಮೊದಲು ಬಲಗಾಲಿನ ಪಾದದಡಿ ಅಂಗೈ ಇಟ್ಟು ಒತ್ತಲು ಹೇಳಿದ. ಚೆನ್ನಯ ಒತ್ತಿದ. ಶಾಮಣ್ಣ ಹಿಂದಕ್ಕೆ ಬೀಳುವ ಹಾಗಾಯಿತು. ಆಮೇಲೆ ಎಡಗಾಲು. ಆ ಪಾದ ಅವನ ಅಂಗೈ ಮೇಲೆ ಸುಮ್ಮನೆ ಕೂತಿತು, ಯಾರೋ ತಂದಿಟ್ಟು ಹೋದ ಸಾಮಾನಿನ ಹಾಗೆ.

“ಒತ್ತು.”

“ಒತ್ತುತ್ತಾ ಇದ್ದೇನಲ್ಲ.”

ಶಾಮಣ್ಣ ಕೈ ತೆಗೆಯಲಿಲ್ಲ. ಇನ್ನೂ ಒಂದು ಸಲ ಹೇಳಿದ, “ಜೋರಾಗಿ ಒತ್ತು ಚೆನ್ನಯ.” ಚೆನ್ನಯನ ಕುತ್ತಿಗೆಯ ನರ ಉಬ್ಬಿತು. ಅಂಗೈಗೆ ಏನೂ ಬರಲಿಲ್ಲ. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಸ್ಪ್ರಿಂಗು ಸುತ್ತುವವರ ಮಿಷನ್ನು ಓಣಿಯಾಚೆ ಟಕಟಕ ಅನ್ನುತ್ತಿತ್ತು.

ಅಂದೇ ಶಾಮಣ್ಣ ಅವನನ್ನು ರಿಕ್ಷಾದಲ್ಲಿ ಕೂರಿಸಿಕೊಂಡು ಮುಲುಂಡಿನ ಅವನ ಮನೆಗೆ ಕರೆದೊಯ್ದ. ಅವನ ಹೆಂಡತಿ ಅಕ್ಕುವಿಗೆ ವಿಷಯ ತಿಳಿಸಿದ. ಎರಡು ದಿನದಲ್ಲಿ ದೊಡ್ಡ ಆಸ್ಪತ್ರೆಯಲ್ಲಿ ಸ್ಕ್ಯಾನ್ ಆಯಿತು. ರಿಪೋರ್ಟು ಬಂದ ದಿನ ಡಾಕ್ಟರ ಕೋಣೆಯಲ್ಲಿ ನಾಲ್ಕು ಜನ ಇದ್ದರು: ಚೆನ್ನಯ, ಅಕ್ಕು, ಮಗಳು ಯಕ್ಷಿತಾ, ಬಾಗಿಲ ಹತ್ತಿರ ಶಾಮಣ್ಣ. ಡಾಕ್ಟರು ಪರದೆಯ ಮೇಲೆ ಬೆನ್ನುಹುರಿ ತೋರಿಸಿದರು. ಅದರ ಪಕ್ಕದಲ್ಲಿ ಒಂದು ಗಂಟು ಬೆಳೆದು ಹುರಿಯನ್ನು ಒತ್ತಿ ಹಿಡಿದಿತ್ತು. ಕ್ಯಾನ್ಸರ್ ಅಲ್ಲ, ಪ್ರಾಣಕ್ಕೆ ಅಪಾಯವಿಲ್ಲ, ಆದರೆ ಬೇಗ ತೆಗೆಯಬೇಕು ಅಂದರು. ಆಮೇಲೆ ಹಿಂದಿಯಲ್ಲಿ, ಎಷ್ಟು ದಿನದಿಂದ ಕಾಲು ಹೀಗಿದೆ ಎಂದು ಕೇಳಿದರು.

“ಒಂದು ತಿಂಗಳು ಆಗಿರಬಹುದು,” ಅಂದ ಚೆನ್ನಯ. ಅವನು ಸುಳ್ಳು ಹೇಳಲಿಲ್ಲ. ಜುಲೈಯಿಂದ ಆಚೆಗೆ ಪೆಡಲು ಹಗುರವಾಗುತ್ತಲೇ ಹೋಗಿತ್ತಲ್ಲ.

“ಜುಲೈಯಿಂದ,” ಅಂದ ಶಾಮಣ್ಣ.

ಡಾಕ್ಟರು ಪೆನ್ನು ಕೆಳಗಿಟ್ಟರು. ಆಗಲೇ ಬಂದಿದ್ದರೆ ಕಾಲು ಹೆಚ್ಚುಕಡಿಮೆ ಪೂರ್ತಿ ವಾಪಸು ಬರುತ್ತಿತ್ತು, ಈಗ ಹೇಳುವುದು ಕಷ್ಟ ಅಂದರು. ಚೆನ್ನಯ ಡಾಕ್ಟರನ್ನು ನೋಡಲಿಲ್ಲ. ಕುರ್ಚಿಯಲ್ಲೇ ನಿಧಾನಕ್ಕೆ ತಿರುಗಿ ಬಾಗಿಲ ಕಡೆ ನೋಡಿದ.

ಹೊರಗೆ ಕಾರಿಡಾರಿನಲ್ಲಿ ಯಕ್ಷಿತಾ ಶಾಮಣ್ಣನನ್ನು ತಡೆದಳು. ವಿಕ್ರೋಳಿಯ ಆಫೀಸಿನಲ್ಲಿ ಕೆಲಸ ಮಾಡುವ ಹುಡುಗಿ. ಚಿಕ್ಕವಳಿದ್ದಾಗ ಅಪ್ಪನ ಜೊತೆ ಗ್ಯಾರೇಜಿಗೆ ಬಂದು ನಟ್ಟುಗಳನ್ನು ದಾರಕ್ಕೆ ಪೋಣಿಸಿ ಆಡುತ್ತಿದ್ದವಳು.

“ಅಂಕಲ್, ಜುಲೈಯಿಂದ ನಿಮಗೆ ಮಾಲೂಮ್ ಇತ್ತಾ?”

ಅವಳು ಎಡಗಡೆ ನಿಂತಿದ್ದಳು. ಶಾಮಣ್ಣನಿಗೆ ಕೇಳಿಸಲಿಲ್ಲ. ಅವಳು ಮತ್ತೆ ಕೇಳಿದಳು, ಈ ಸಲ ಬೆಂಚಿನ ಮೇಲಿದ್ದವರೆಲ್ಲ ತಿರುಗಿ ನೋಡುವಷ್ಟು ಜೋರಾಗಿ.

“ಗೊತ್ತಿತ್ತು ಅಂತಲ್ಲ ಮಗೂ. ಕ್ಲಚ್ಚು ಸರಿ ಇದೆ ಅಂತ ಅನ್ನಿಸಿತ್ತು...”

“ಫಿರ್? ಒಂದು ವರ್ಡ್ ಹೇಳ್ಬೇಕಿತ್ತು ನಾ? ಮಮ್ಮಿಗೆ, ನನಗೆ, ಕಿಸೀ ಕೋ ಭೀ, ಯಾರಿಗಾದರೂ?”

ಅವಳಿಗೆ ಅಳು ಬಂತು. ಶಾಮಣ್ಣ ಅವಳ ತಲೆ ಸವರಲು ಎತ್ತಿದ ಕೈಯನ್ನು ಹಾಗೇ ಇಳಿಸಿದ.

ಆಪರೇಷನ್ ಚೆನ್ನಾಗಿಯೇ ಆಯಿತು. ಗಂಟು ಹೊರಬಂತು, ಕಾಲು ವಾಪಸು ಬರಲಿಲ್ಲ. ಮೂರು ತಿಂಗಳ ವ್ಯಾಯಾಮದ ಮೇಲೆ ಚೆನ್ನಯ ವಾಕರ್ ಹಿಡಿದು ಮಂಚದಿಂದ ಕಿಟಕಿಯವರೆಗೆ ಬರುವಷ್ಟಾದ. ಮುಲುಂಡಿನ ಆ ಹಳೆಯ ಬಿಲ್ಡಿಂಗಿಗೆ ಲಿಫ್ಟಿಲ್ಲ. ಮನೆ ಮೂರನೆಯ ಮಹಡಿಯಲ್ಲಿ. ದಿನಕ್ಕೆ ಅರವತ್ತು ಎಪ್ಪತ್ತು ಕಿಲೋಮೀಟರ್ ಓಡಾಡುತ್ತಿದ್ದವನಿಗೆ ಕೆಳಗಿನ ಗೇಟು ಪರದೇಶವಾಯಿತು.

ಇತ್ತ ಜೋಗೇಶ್ವರಿಯಲ್ಲಿ ಶಾಮಣ್ಣ ಬೇರೆ ಕೆಲಸ ಮುಟ್ಟಲಿಲ್ಲ. ಕ್ಯಾಲೆಂಡರಿನ ಹಿಂದೆ ಬರೆದಿದ್ದನ್ನೆಲ್ಲ ಬರೆದ ಹಾಗೇ ಮಾಡಿದ. ಕ್ರ್ಯಾಂಕಿನ ಜೊತೆ ತಾನೇ ಕುರ್ಲಾಕ್ಕೆ ಹೋಗಿ ಗ್ರೈಂಡಿಂಗ್ ಮುಗಿಯುವ ತನಕ ನಿಂತ. ಒಂದೊಂದು ವಾಲ್ವನ್ನೂ ಕೈಯಲ್ಲೇ ಉಜ್ಜಿ ಕೂರಿಸಿದ. ಕ್ಲಚ್ ಪ್ಲೇಟನ್ನು ಮಾತ್ರ ಬದಲಿಸಲಿಲ್ಲ, ಬದಲಿಸಲು ಅದರಲ್ಲಿ ಏನೂ ಆಗಿರಲಿಲ್ಲ. ಎಂಜಿನ್ ಮತ್ತೆ ಏರಿ ಚಾಲೂ ಆದ ದಿನ ಅದರ ಮೇಲೆ ಅಂಗೈ ಇಟ್ಟುಕೊಂಡು ಬಹಳ ಹೊತ್ತು ನಿಂತಿದ್ದ. ಆರೂ ಸಿಲಿಂಡರು ಒಂದೇ ಸಮ ಮಿಡಿಯುತ್ತಿದ್ದವು. ಅಷ್ಟು ಒಳ್ಳೆಯ ಕೆಲಸ ಅವನ ಕೈಯಿಂದ ಹಿಂದೆ ಆಗಿರಲಿಲ್ಲ. ಫೋನು ಮಾಡಿ ಹೇಳೋಣವೆಂದು ನಂಬರು ಒತ್ತಿದ. ಚೆನ್ನಯ ಎತ್ತಲಿಲ್ಲ. ಸಂಜೆ ಅಕ್ಕು ಮಾಡಿದಳು.

“ಶಾಮಣ್ಣ, ಅದನ್ನು ಯಾರಿಗಾದರೂ ಕೊಟ್ಟುಬಿಡಿ. ಅವರೇ ಹೇಳಿದ್ರು.”

“ಅವನು ಒಂದು ಸಲ ಬಂದು ನೋಡಲಿ ತಾಯಿ. ಬೇಕಾದರೆ ನಾನೇ ಮನೆ ಕೆಳಗೆ ತರ್ತೀನಿ, ಕಿಟಕಿಯಿಂದ...”

“ಬೇಡ,” ಅಂದಳು ಅಕ್ಕು. “ಅದರ ಸದ್ದು ಕೇಳಿದರೆ ಅವರಿಗೆ ಆಗುದಿಲ್ಲ.”

ಲಾರಿಯನ್ನು ಕಲಬುರ್ಗಿ ಕಡೆಯ ಶರಣ ಎಂಬ ಡ್ರೈವರ್ ಕೊಂಡ. ಓಣಿಯಲ್ಲಿ ಒಂದು ಸುತ್ತು ಓಡಿಸಿ ಬಂದು, ಎಂಜಿನ್ನನ್ನು ಬಾಯಿ ತುಂಬ ಹೊಗಳಿದ. ಆಮೇಲೆ ಅಂದ, “ಕ್ಲಚ್ ಒಂದು ಭಾಳ ಹಗುರ ಅದ ರೀ ಯಜಮಾನ್ರ. ಕಾಲಿಗಿ ಏನೂ ಹತ್ತಂಗಿಲ್ಲ. ಒತ್ತೀನೋ ಇಲ್ಲೋ ತಿಳೀವಲ್ದು. ಇದನ್ನ ತೆಗದ್ ಕೊಡ್ರಿ.”

ಶಾಮಣ್ಣ ಲಾರಿಯ ಕೆಳಗೆ ಹೋದ. ಬೂಸ್ಟರು ಕೂರಿಸಲು ಎರಡು ದಿನ ಹಿಡಿದಿತ್ತು. ತೆಗೆಯಲು ಒಂದು ಗಂಟೆಯೂ ಬೇಕಾಗಲಿಲ್ಲ. ಬೆನ್ನ ಮೇಲೆ ಮಲಗಿದ್ದವನ ಕಣ್ಣಿನ ನೀರು ಕಿವಿಯೊಳಗೆ ಇಳಿಯಿತು.

ಆಮೇಲಿಂದ ಪ್ರತಿ ಭಾನುವಾರ ಶಾಮಣ್ಣ ಮುಲುಂಡಿಗೆ ಹೋಗತೊಡಗಿದ. ವಿಮಲಾ ಎರಡು ಮೂರು ವಾರ ನೋಡಿ, “ಅವರು ಮಾತಾಡೋದಿಲ್ಲ. ಹೋಗಿ ಏನ್ಮಾಡ್ತೀರಿ?” ಎಂದು ಕೇಳಿದಳು. ಆದರೂ ಅವನು ಹೋಗುವುದು ಬಿಡಲಿಲ್ಲ. ಮೂರು ಮಹಡಿ ಹತ್ತಿ ಬೆಲ್ ಒತ್ತುತ್ತಿದ್ದ. ಅಕ್ಕು ಅರ್ಧ ಬಾಗಿಲು ತೆರೆದು, “ಮಲಗಿದ್ದಾರೆ” ಅನ್ನುತ್ತಿದ್ದಳು. ಅವಳ ಹೆಗಲಿನಾಚೆ ಕಿಟಕಿಯ ಹತ್ತಿರ ಕೂತವನ ತಲೆ ಕಾಣುತ್ತಿತ್ತು. ಶಾಮಣ್ಣ ಮೆಟ್ಟಿಲ ಮೇಲೆ ಕೂತು ಅವಳು ಕೊಟ್ಟ ಚಹಾ ಕುಡಿದು ಇಳಿದು ಬರುತ್ತಿದ್ದ.

ಒಂದು ಭಾನುವಾರ ಅಕ್ಕು ಬಾಗಿಲನ್ನು ಪೂರ್ತಿ ತೆರೆದಳು. ಮಗಳು ಊರಲ್ಲಿರಲಿಲ್ಲ, ಔಷಧಿ ಮುಗಿದಿತ್ತು. “ಅರ್ಧ ಗಂಟೆ ಕೂತಿರಿ,” ಎಂದು ಹೇಳಿ ಚೀಲ ಹಿಡಿದು ಇಳಿದು ಹೋದಳು. ಶಾಮಣ್ಣ ಒಳಗೆ ಹೋಗಿ ಕುರ್ಚಿಯ ತುದಿಯಲ್ಲಿ ಕೂತ. ಚೆನ್ನಯ ತುಂಬ ಇಳಿದು ಹೋಗಿದ್ದ. ಕೆಳಗಿನ ರಸ್ತೆಯನ್ನೇ ನೋಡುತ್ತಿದ್ದ.

“ನೀವು ಹೇಳಬಹುದಿತ್ತು,” ಅಂದ ಚೆನ್ನಯ, ಕಿಟಕಿಯಿಂದ ಮುಖ ತಿರುಗಿಸದೆ.

“ಹೌದು.”

“ಹೇಳಿದರೆ ನಾನು ಬೈಯ್ತಿದ್ದೆ. ಬಹುಶಃ ಬೇರೆ ಮೆಕ್ಯಾನಿಕ್ ಹತ್ರ ಹೋಗ್ತಿದ್ದೆ. ಅದು ಬೇರೆ.” ಅವನು ಉಸಿರೆಳೆದುಕೊಂಡ. “ಆದರೂ ಹೇಳಬಹುದಿತ್ತು.”

“ಹೌದು ಕಣಯ್ಯಾ.”

ಸ್ವಲ್ಪ ಹೊತ್ತಿಗೆ ಚೆನ್ನಯ ಕುರ್ಚಿಯಲ್ಲಿ ಅತ್ತಿತ್ತ ಸರಿದ. ಬಾಗಿಲ ಕಡೆ ನೋಡಿದ. ಅಕ್ಕು ಬಂದಿರಲಿಲ್ಲ. ವಾಕರ್ ಎಳೆದುಕೊಂಡು ಏಳಲು ನೋಡಿದ, ಆಗಲಿಲ್ಲ. ಅವನ ಮುಖ ನಾಚಿಕೆಯಿಂದ ಕಪ್ಪಿಟ್ಟಿತು. ಶಾಮಣ್ಣ ಎದ್ದು ಹೋಗಿ ಅವನ ಎಡಗಡೆ ನಿಂತು, ಕಂಕುಳಡಿ ಕೈ ಹಾಕಿ ಎತ್ತಿದ. ಚೆನ್ನಯನ ಎಡಮೈಯ ಭಾರವೆಲ್ಲ ಅವನ ಮೇಲೆ ಬಂತು. ಅರವತ್ತಮೂರರ ಶಾಮಣ್ಣ ಇನ್ನೊಂದು ಕೈಯನ್ನು ಗೋಡೆಗೆ ಊರಿದ, ಆದರೆ ಅವನನ್ನು ಬಿಡಲಿಲ್ಲ. ಹಾಗೇ ಇಬ್ಬರೂ ಬಚ್ಚಲಿನವರೆಗೆ ಹೋದರು, ಬಂದರು. ಕುರ್ಚಿಯಲ್ಲಿ ಕೂರಿಸುವಾಗ ಚೆನ್ನಯನ ಕೈ ಶಾಮಣ್ಣನ ಅಂಗಿಯನ್ನು ಒಂದು ಕ್ಷಣ ಹಿಡಿದಿತ್ತು. ಆಮೇಲೆ ಬಿಟ್ಟಿತು. ಅವನು ಮತ್ತೆ ಕಿಟಕಿಯ ಕಡೆ ತಿರುಗಿದ.

ಮುಂದಿನ ಭಾನುವಾರ ಶಾಮಣ್ಣ ಹೋದ. ಅಕ್ಕು ಅರ್ಧ ಬಾಗಿಲು ತೆರೆದು, ಅವನ ಮುಖ ನೋಡಲಾರದೆ ನೆಲ ನೋಡುತ್ತ, “ಮಲಗಿದ್ದಾರೆ” ಅಂದಳು. ಶಾಮಣ್ಣ ಆಗಲಿ ಎಂದು ತಲೆಯಾಡಿಸಿ ಮೆಟ್ಟಿಲ ಮೇಲೆ ಕೂತ.